ಉಳಿದಷ್ಟು ಕಳಿಸಿದರೆ ಸಾಕು

ಮೋಡೆಮ್ ಕಾಲದಲ್ಲಿ 10 ಎಂಬಿಯ ಕಡತ ಇಳಿಸಿಕೊಳ್ಳಲು 33.6 ಕೆಬಿಪಿಎಸ್ ಸಂಪರ್ಕಕ್ಕೆ 40 ನಿಮಿಷವೂ ಸಾಲುತ್ತಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಮನೆಯವರು ಯಾರಾದರೂ ಫೋನ್ ಎತ್ತಿದರೋ, ಮತ್ತೆ ಸೊನ್ನೆಯಿಂದ ಶುರು. ಕಡತ ಸಾಗಿಸುವ ಹಳೆಯ ಕ್ರಮವಾದ ಎಫ್‌ಟಿಪಿಯಲ್ಲಿ ನಿಂತಲ್ಲಿಂದ ಮುಂದುವರಿಸುವ ಆಜ್ಞೆಯೊಂದು 1985ರಷ್ಟು ಹಿಂದೆಯೇ ಇತ್ತು. ವೆಬ್‌ನ ಎಚ್‌ಟಿಟಿಪಿ 1.0ಗೆ ಮಾತ್ರ ಅದು ಗೊತ್ತಿರಲಿಲ್ಲ. ಕೇಳಿದರೆ ಇಡೀ ಕಡತ, ಇಲ್ಲವೇ ಏನೂ ಇಲ್ಲ.

ದಾರಿ ತೆರೆದದ್ದರಲ್ಲಿ ಪಿಡಿಎಫ್ ಓದುವವರ ಪಾಲು ದೊಡ್ಡದು. ನೂರಾರು ಪುಟಗಳ ದಾಖಲೆಯಲ್ಲಿ ಬೇಕಾದ ಪುಟವನ್ನಷ್ಟೇ ತರಿಸಿಕೊಳ್ಳುವುದು ಹೇಗೆ? ಜಾನ್ ಫ್ರ್ಯಾಂಕ್ಸ್ ಮತ್ತು ನೆಟ್‌ಸ್ಕೇಪ್‌ನ ಆರಿ ಲುವೊಟೊನೆನ್ 'ಇಷ್ಟನೇ ಬೈಟ್‌ನಿಂದ ಇಷ್ಟನೆಯದರವರೆಗೆ ಕೊಡು' ಎಂದು ಕೇಳುವ ಕ್ರಮವೊಂದರ ಕರಡು ಬರೆದರು. 1997ರ ಜನವರಿಯಲ್ಲಿ ಎಚ್‌ಟಿಟಿಪಿ 1.1 ಪ್ರಕಟವಾದಾಗ 'ರೇಂಜ್' ಎಂಬ ಹೆಸರಿನಲ್ಲಿ ಅದು ಒಳಗೆ ಬಂತು. ಡಬ್ಲ್ಯುಗೆಟ್, ಗೆಟ್‌ರೈಟ್‌ನಂಥ ತಂತ್ರಾಂಶಗಳು ಇದರಿಂದಲೇ ಕಡಿದುಹೋದ ಡೌನ್‌ಲೋಡ್‌ಗಳನ್ನು ಜೋಡಿಸಿದವು. ಇಂದು ವಿಡಿಯೊದ ನಡುಭಾಗಕ್ಕೆ ಬೆರಳು ಜಾರಿಸಿದಾಗಲೂ ಎಷ್ಟೋ ಕಡೆ ಕೆಲಸಕ್ಕೆ ಬರುವುದು ಇದೇ.

ಕೇಳುವುದು ಸುಲಭವಾಯಿತು, ಬಂದದ್ದನ್ನು ಇಡುವುದೆಲ್ಲಿ? ಅವಸರದ ಪ್ರೋಗ್ರಾಮರ್ ಇಡೀ ಉತ್ತರವನ್ನು ಮೆಮೊರಿಗೆ ತುಂಬಿ, ಆಮೇಲೆ ಡಿಸ್ಕ್‌ಗೆ ಬರೆಯುತ್ತಾನೆ. ಚಿಕ್ಕ ಕಡತಕ್ಕೆ ನಡೆಯುತ್ತದೆ, 4 ಜಿಬಿಯದಕ್ಕೆ ಫೋನೇ ಏದುಸಿರು ಬಿಡುತ್ತದೆ. ತಿಳಿದವರು 64 ಕೆಬಿಯಷ್ಟು ಜಾಗ ಇಟ್ಟುಕೊಂಡು, ತುಂಬಿದಂತೆ ಡಿಸ್ಕ್‌ಗೆ ಬರೆದು, ಅದೇ ಜಾಗವನ್ನು ಮತ್ತೆ ಬಳಸುತ್ತಾರೆ. ಕಡತ ಎಷ್ಟೇ ದೊಡ್ಡದಾದರೂ ಮೆಮೊರಿಯ ಖರ್ಚು ಅಷ್ಟೇ. ಡಿಸ್ಕ್ ನಿಧಾನವಾದರೆ ಜಾಲದಿಂದ ಓದುವುದೂ ನಿಧಾನ. ಆಗ 'ಇನ್ನಿಷ್ಟಕ್ಕೇ ಜಾಗ' ಎಂದು ಸಂಪರ್ಕ ನಡೆಸುವ ಟಿಸಿಪಿ ಆಚೆಗೆ ತಿಳಿಸುತ್ತದೆ, ಸರ್ವರ್ ತಾನಾಗಿ ಕೈ ಬಿಗಿ ಹಿಡಿಯುತ್ತದೆ. ಇದಕ್ಕಾಗಿ ನಾವು ಒಂದು ಸಾಲನ್ನೂ ಬರೆಯಬೇಕಿಲ್ಲ. ನನಗೆ ಇಡೀ ಏರ್ಪಾಟಿನಲ್ಲಿ ಚೆಂದ ಕಂಡದ್ದು ಇದೇ.

ಎಡವಟ್ಟಾಗುವುದು ಜೋಡಣೆಯಲ್ಲಿ. ನಿನ್ನೆ ಅರ್ಧ ಇಳಿಸಿದ ಕಡತದ ಹೊಸ ಆವೃತ್ತಿ ಇಂದು ಸರ್ವರ್‌ನಲ್ಲಿದ್ದರೆ ತಲೆ ಒಂದರದು, ಬಾಲ ಇನ್ನೊಂದರದು. ಅದಕ್ಕೆಂದೇ 'ಕಡತ ಬದಲಾಗಿರದಿದ್ದರೆ ಮಾತ್ರ ತುಂಡು ಕೊಡು, ಬದಲಾಗಿದ್ದರೆ ಪೂರ್ತಿ ಕೊಡು' ಎನ್ನುವ 'ಇಫ್-ರೇಂಜ್' ಕೂಡ ಎಚ್‌ಟಿಟಿಪಿ 1.1ರಲ್ಲೇ ಇದೆ. ತುಂಡು ಬಂದರೆ ಉತ್ತರದ ಸಂಖ್ಯೆ 206, ಪೂರ್ತಿ ಬಂದರೆ 200. ಆ ಸಂಖ್ಯೆ ನೋಡದೆ, ಬಂದದ್ದನ್ನೆಲ್ಲ ಹಳೆಯದರ ಬಾಲಕ್ಕೆ ಅಂಟಿಸುವ ತಂತ್ರಾಂಶ 'ಡೌನ್‌ಲೋಡ್ ಮುಗಿಯಿತು' ಎನ್ನುತ್ತದೆ, ಕಡತ ತೆರೆಯುವುದಿಲ್ಲ.