ಬಿಸಿಲಿಗೂ ಬೇಕು ತಿಳಿನೀರು

ಮಹದೇವಪುರದ ಪಿ.ಜಿ. ರೂಮ್ ಖಾಲಿ ಮಾಡುವಾಗ ಅರ್ಧ ಉಳಿದ ಸಿಪ್ರೋಫ್ಲಾಕ್ಸಾಸಿನ್ ಸ್ಟ್ರಿಪ್ ಸಿಕ್ಕಿತು. ಎರಡು ದಿನಕ್ಕೆ ಜ್ವರ ಬಿಟ್ಟಿತ್ತು. ನಾನು ಮಾತ್ರೆ ಬಿಟ್ಟಿದ್ದೆ. ‘ಕಮೋಡ್‌ಗೆ ಹಾಕಿ ಫ್ಲಶ್ ಮಾಡು, ಮುಗೀತು’ ಎಂದಳು ರೂಮ್‌ಮೇಟ್. ಕೆಮಿಸ್ಟ್ರಿ ಓದಿದವಳಿಗೆ ಕೈ ಬರಲಿಲ್ಲ. ಅಲ್ಲಿಗೇ ಮುಗಿಯುತ್ತದೆಯೇ?

ನುಂಗಿದ ಮಾತ್ರೆಯಲ್ಲೂ ಒಂದಷ್ಟು ಪಾಲು ಬದಲಾಗದೆ ದೇಹದಿಂದ ಹೊರಬಂದು ಚರಂಡಿ ಸೇರುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳಿಗೆ ವರ್ಷಗಟ್ಟಲೆ ಹರಿದದ್ದು ನಗರದ ಕೊಳಚೆಯೇ. 2015ರಲ್ಲಿ ರಸ್ತೆಗೆ ಹಾರಿದ ನೊರೆ, 2017ರಲ್ಲಿ ಬೆಳ್ಳಂದೂರಿನಲ್ಲಿ ಎದ್ದ ಬೆಂಕಿ ಎಲ್ಲರಿಗೂ ಕಂಡವು. ಕರಗಿದ ಔಷಧಿ ಮಾತ್ರ ಕಾಣುವುದಿಲ್ಲ.

ಇದಕ್ಕೆ ಪ್ರಕೃತಿಯಲ್ಲೇ ಒಂದು ಮದ್ದಿದೆ: ಬಿಸಿಲು. ತಿಳಿಯಾದ, ಆಳವಿಲ್ಲದ ನೀರಿನಲ್ಲಿ ನೇಸರನ ನೇರಳಾತೀತ ಕಿರಣಗಳು ಸಿಪ್ರೋಫ್ಲಾಕ್ಸಾಸಿನ್ ಅಣುವನ್ನು ಗಂಟೆಗಳ ಲೆಕ್ಕದಲ್ಲಿ ಒಡೆಯುತ್ತವೆ. ಆದರೆ ಎಷ್ಟು ಬೇಗ ಎಂಬುದನ್ನು ನೀರಿನ ಗುಣ ನಿರ್ಧರಿಸುತ್ತದೆ. ಆಮ್ಲೀಯ ನೀರಿನಲ್ಲಿ ಇದು ನಿಧಾನ, ತಟಸ್ಥಕ್ಕೆ ಹತ್ತಿರವಾದರೆ ಚುರುಕು. ಸಲ್ಫಾಮೆಥಾಕ್ಸಜೋಲ್‌ನದು ತದ್ವಿರುದ್ಧ, ಆಮ್ಲೀಯ ನೀರಿನಲ್ಲೇ ಅದು ಬೇಗ ಒಡೆಯುತ್ತದೆ. ನೀರಿನ ನೈಟ್ರೇಟ್ ಬಿಸಿಲಿಗೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸಿ ಔಷಧಿಯ ಮೇಲೆ ಬೀಳುವಂತೆ ಮಾಡುತ್ತದೆ. ಬೈಕಾರ್ಬನೇಟ್ ಅದೇ ರ‍್ಯಾಡಿಕಲ್ಲನ್ನು ದಾರಿಯಲ್ಲೇ ನುಂಗುತ್ತದೆ. ಕೊಳೆತ ಎಲೆ, ಕೊಳಚೆಯಿಂದ ಕರಗಿ ಬಂದ ಸಾವಯವ ವಸ್ತು ಒಮ್ಮೆ ಸಹಾಯಕ, ಒಮ್ಮೆ ಕೊಡೆ: ಹೆಚ್ಚಾದರೆ ಬೆಳಕನ್ನೇ ತಡೆಯುತ್ತದೆ. ಇನ್ನು ನೊರೆ, ಅಂತರಗಂಗೆ ಮುಚ್ಚಿದ ಕೆರೆಗೆ ಬಿಸಿಲು ಇಳಿಯುವುದಾದರೂ ಹೇಗೆ?

ಒಡೆದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಕೆಲವು ತುಣುಕುಗಳಿಗೆ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಉಳಿದಿರುತ್ತದೆ. ಸಾಯದೆ ಉಳಿದ ಬ್ಯಾಕ್ಟೀರಿಯಾ ಔಷಧಿಗೆ ಒಗ್ಗಿಕೊಂಡರೆ, ನಾಳೆ ನಮ್ಮ ಜ್ವರಕ್ಕೆ ಇದೇ ಮಾತ್ರೆ ನಾಟುವುದಿಲ್ಲ.

ನನ್ನೂರು ಕೋಲಾರದ ಕಡೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ಅಲ್ಲಿನ ಕೆರೆಗಳಿಗೆ ಬರುತ್ತಿದೆ. ಬತ್ತಿದ್ದ ಕೆರೆ ತುಂಬಿದ್ದು ಕಂಡು ಅಪ್ಪ ಖುಷಿಪಟ್ಟಿದ್ದರು, ನಾನೂ ಪಟ್ಟಿದ್ದೆ. ಆದರೆ ಸಾಮಾನ್ಯ ಸಂಸ್ಕರಣಾ ಘಟಕಗಳನ್ನು ಔಷಧಿ ತೆಗೆಯಲೆಂದು ಕಟ್ಟಿದ್ದಲ್ಲ. ಇಲ್ಲಿ ನಾನು ಫ್ಲಶ್ ಮಾಡಿದ್ದು ಅಪ್ಪನ ಹೊಲದ ಪಕ್ಕಕ್ಕೇ ಬರಬಹುದು.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅವಧಿ ಮುಗಿದ ಔಷಧಿಯನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿ, ಬೇರೆಯಾಗಿಯೇ ಕೊಡಬೇಕು ಎಂದಿದ್ದವು. ಸ್ಟ್ರಿಪ್ಪನ್ನು ಕಾಗದದಲ್ಲಿ ಸುತ್ತಿ, ಮೇಲೆ ಬರೆದು, ಕಸದವರ ಕೈಗೆ ಪ್ರತ್ಯೇಕವಾಗಿ ಕೊಟ್ಟೆ. ಮುಂದಿನ ಸಲ ವೈದ್ಯರು ಹೇಳಿದಷ್ಟು ದಿನ ನುಂಗುತ್ತೇನೆ, ಉಳಿಸುವುದಿಲ್ಲ. ಬಿಸಿಲು ತನ್ನ ಕೆಲಸ ಮಾಡುತ್ತದೆ ಗೆಳೆಯರೇ, ನಾವು ಅದಕ್ಕೆ ದಾರಿ ಬಿಟ್ಟರೆ.