ಬಾಟಲಿಯ ತಳದ ಬಿಳಿ ಗಸಿ

ಡಿಸೆಂಬರ್ ಬಂತೆಂದರೆ ಸಕಲೇಶಪುರ, ಆಲೂರಿನ ಕಡೆ ಪಲ್ಪರ್ ಸದ್ದು ಶುರು. ಕಾಫಿ ಹಣ್ಣಿನ ಸಿಪ್ಪೆ ಸುಲಿದು, ಬೀಜಕ್ಕಂಟಿದ ಲೋಳೆಯನ್ನು ಕೊಳೆಸಿ ತೊಳೆದ ನೀರಿಗೆ ಕಂದು ಬಣ್ಣ, ಮೂಗಿಗೆ ಹೊಡೆಯುವ ಹುಳಿ ವಾಸನೆ. ಅದು ಹಳ್ಳ ಸೇರಿದರೆ ಕೆಳಗಿನ ಊರಿಗೆ ಯಾರೂ ಹೇಳಬೇಕಿಲ್ಲ, ದನವೇ ಮುಖ ತಿರುಗಿಸುತ್ತದೆ. ಆದರೂ ‘ಇದರಲ್ಲಿ ವಿಷ ಎಲ್ಲಿದೆ, ಹಣ್ಣಿನ ರಸ ತಾನೆ?’ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಅದರಲ್ಲಿರುವುದು ಹೆಚ್ಚಾಗಿ ಸಕ್ಕರೆ, ಪೆಕ್ಟಿನ್ನೇ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಹಳ ದೂರದಲ್ಲಿ. 1888ರಲ್ಲಿ ಬುಡಾಪೆಸ್ಟ್‌ನ ಲಾಯೋಶ್ ವಿಂಕ್ಲರ್ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ದಾರಿ ತೋರಿಸಿದ. ಬಾಟಲಿ ತುಂಬ ನೀರು ಹಿಡಿದು ಮ್ಯಾಂಗನೀಸ್ ಲವಣ, ಕ್ಷಾರ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಗಸಿ ಇಳಿಯುತ್ತದೆ, ಇಲ್ಲದಿದ್ದರೆ ಗಸಿ ಹಾಲಿನಂತೆ ಬಿಳಿಯಾಗಿಯೇ ಉಳಿಯುತ್ತದೆ. ಇಂಗ್ಲೆಂಡಿನ ಒಳಚರಂಡಿ ರಾಯಲ್ ಕಮಿಷನ್ 1912ರ ವರದಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಕೊಳಕು ನೀರನ್ನು ಐದು ದಿನ ಇಟ್ಟು, ಅಷ್ಟರಲ್ಲಿ ಬ್ಯಾಕ್ಟೀರಿಯಾಗಳು ಎಷ್ಟು ಆಮ್ಲಜನಕ ಎಳೆದುಕೊಂಡವು ಎಂದು ನೋಡುವುದು. ಅದೇ ಬಿಒಡಿ, ಅಂದರೆ ಜೈವಿಕ ಆಮ್ಲಜನಕ ಬೇಡಿಕೆ. ನಮ್ಮ ಸೆಕೆಗೆ ತಕ್ಕಂತೆ ಭಾರತದಲ್ಲಿ 27 ಡಿಗ್ರಿಯಲ್ಲಿ ಮೂರು ದಿನ ಇಡುತ್ತಾರೆ.

ಅಲ್ಲಿಗೆ ಹಣ್ಣಿನ ರಸದ ಗುಟ್ಟು ಬಯಲಾಯಿತು. ಸಕ್ಕರೆ ಮೀನನ್ನು ಕೊಲ್ಲುವುದಿಲ್ಲ, ಸಕ್ಕರೆ ತಿನ್ನುವ ಬ್ಯಾಕ್ಟೀರಿಯಾ ಮೀನಿನ ಉಸಿರನ್ನೂ ಎಳೆದುಕೊಳ್ಳುತ್ತದೆ. ಮನೆಗಳ ಚರಂಡಿ ನೀರಿನ ಬಿಒಡಿ ಲೀಟರಿಗೆ ಕೆಲವು ನೂರು ಮಿಲಿಗ್ರಾಂ. ಕಾಫಿ ತೊಳೆದ ನೀರಿನದು ಸಾವಿರಗಳಲ್ಲಿ. ಅದೂ ಹಳ್ಳ ಸೊರಗುವ ಜನವರಿಯಲ್ಲಿ.

ಅಳತೆ ಸಿಕ್ಕಿತು, ಕಾನೂನು? ನೀರು ರಾಜ್ಯಗಳ ವಿಷಯ. ರಾಜ್ಯಗಳು ನಿರ್ಣಯ ಮಾಡಿ ಕೇಳಿದ ಮೇಲೆಯೇ ಸಂಸತ್ತು 1974ರ ಜಲ ಮಾಲಿನ್ಯ ಕಾಯ್ದೆ ತಂದಿತು. ಅದು ಮೊದಲು ಜಾರಿಯಾದ 12 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. ಆ ಕಾಯ್ದೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ‘ತೊರೆ’ಯ ವಿವರಣೆ: ಹರಿಯುತ್ತಿರಲಿ, ಸದ್ಯಕ್ಕೆ ಒಣಗಿರಲಿ, ಅದು ತೊರೆಯೇ. ನೆಲದಡಿಯ ನೀರೂ ಅದರಲ್ಲಿ ಸೇರಿದೆ. ಬೇಸಿಗೆಯಲ್ಲಿ ಬರೀ ಕಲ್ಲು ಕಾಣುವ ನಮ್ಮ ಹಳ್ಳಗಳಿಗೆಂದೇ ಬರೆದ ಮಾತು ಇದು.

ಈಗ ಎಷ್ಟೋ ಬೆಳೆಗಾರರು ಹೊಂಡ ತೋಡಿ, ತಳಕ್ಕೆ ಹಾಳೆ ಹಾಸಿ ಪಲ್ಪಿಂಗ್ ನೀರು ನಿಲ್ಲಿಸುತ್ತಾರೆ. ಕಡಿಮೆ ನೀರು ಕುಡಿಯುವ ಯಂತ್ರಗಳೂ ಬಂದಿವೆ. ಆದರೆ ಈ ಹಳ್ಳಗಳು ಹೇಮಾವತಿ ಸೇರಿ, ಗೊರೂರಿನಲ್ಲಿ ನಿಂತು, ಹಾಸನದ ನಲ್ಲಿಗೂ ಹೋಗುತ್ತವೆ. ಅದಕ್ಕೇ ರಾಜ್ಯದ ನಿಯಮದಲ್ಲೇ ಇಷ್ಟು ಬರೆದಿರಬೇಕು ಎಂದು ಕೇಳುತ್ತೇನೆ: ಕೊಯ್ಲಿನ ತಿಂಗಳುಗಳಲ್ಲಿ ಕುಡಿಯುವ ನೀರಿನ ಪ್ರತಿ ಹಳ್ಳದ ಪರೀಕ್ಷೆಯಾಗಲಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ.

ಒಂದು ಜನವರಿಯಲ್ಲಿ ಕಾಲೇಜು ಹುಡುಗಿಯೊಬ್ಬಳು ತೋಟದ ಕೆಳಗಿನ ಹಳ್ಳದ ನೀರಿಗೆ ನನ್ನೆದುರೇ ಎರಡು ದ್ರಾವಣ ಹಾಕಿ ಬಾಟಲಿ ತಿರುಗಿಸಿದಳು. ಕಂದು ಬಣ್ಣಕ್ಕಾಗಿ ಕಾದೆವು. ಗಸಿ ನಿಧಾನವಾಗಿ ತಳಕ್ಕಿಳಿಯಿತು, ಬಿಳಿಯಾಗಿ.