ಹಾಡು ಬಿಡುಗಡೆಯಾದದ್ದು ಯಾವಾಗ?

ರಾಕ್ ತಂಡವೊಂದರ ಹಾಡು ಯಾವ ವರ್ಷ ಬಿಡುಗಡೆಯಾಯಿತು ಎಂಬ ಪ್ರಶ್ನೆ ಸುಲಭವೆನಿಸುತ್ತದೆ. ಆದರೆ ಒಂದೇ ಹಾಡಿಗೆ ಹಲವು ದಿನಾಂಕಗಳಿರಬಹುದು. ನಮ್ಮ ಮೈಸೂರಿನ ಉದಾಹರಣೆಯನ್ನೇ ನೋಡೋಣ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ಮೊದಲ ತಂಡದ ಹೆಸರು 'ಅಂತರಾಗ್ನಿ'. ಮುಂದೆ ಅವರು 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಕಟ್ಟಿದರು. ಈ ಹೊಸ ತಂಡದ ಮೊದಲ ಆಲ್ಬಮ್ಮಿಗೂ 'ಅಂತರಾಗ್ನಿ' ಎಂದೇ ಹೆಸರು. ಅದು ಭಾರತದಲ್ಲಿ ಬಿಡುಗಡೆಯಾದದ್ದು 2008ರಲ್ಲಿ, ಬ್ರಿಟನ್ನಿನಲ್ಲಿ 2010ರಲ್ಲಿ. ಅದರಲ್ಲಿರುವ ಶಿಶುನಾಳ ಷರೀಫರ ತತ್ವಪದಗಳಂತೂ ಬಹು ಹಳೆಯವು. ಷರೀಫರು ತೀರಿಕೊಂಡದ್ದೇ 1889ರಲ್ಲಿ.

ಆದ್ದರಿಂದ ರಚನೆ, ಧ್ವನಿಮುದ್ರಣ, ಮೊದಲ ಬಿಡುಗಡೆ, ಮರುಬಿಡುಗಡೆ ಇವನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳಿ. ಸಿ.ಡಿ.ಯ ಮೇಲೆ ವೃತ್ತದೊಳಗೆ 'ಪಿ' ಅಕ್ಷರವಿದ್ದು ಪಕ್ಕದಲ್ಲಿ ವರ್ಷವಿದ್ದರೆ, ಅದು ಆ ಧ್ವನಿಮುದ್ರಣ ಮೊದಲು ಪ್ರಕಟವಾದ ವರ್ಷವನ್ನು ಸೂಚಿಸುತ್ತದೆ. ಅಂತರಜಾಲದಲ್ಲಿ ಕಾಣುವ ದಿನಾಂಕ ಹಾಡನ್ನು ಅಲ್ಲಿಗೆ ಸೇರಿಸಿದ ದಿನವೂ ಆಗಿರಬಹುದು. ಗ್ರಂಥಾಲಯಕ್ಕೆ ಹೋಗಿ, ಆ ಕಾಲದ ಪತ್ರಿಕೆಗಳ ವರದಿಯೊಡನೆ ಹೋಲಿಸಿ ನೋಡಿ. ನೆನಪಿಡಿ, ಒಂದನ್ನೊಂದು ನಕಲು ಮಾಡಿದ ಹತ್ತು ಬರಹಗಳು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ.

ಇಷ್ಟು ಶ್ರಮ ಏಕೆ? ಬರೀ 2010 ಎಂದು ಬರೆದರೆ, ಅದಕ್ಕೂ ಎರಡು ವರ್ಷ ಮೊದಲೇ ಈ ಹಾಡುಗಳನ್ನು ಕೇಳಿದ ನಮ್ಮ ನಾಡಿನ ಶ್ರೋತೃಗಳು ಚರಿತ್ರೆಯಿಂದಲೇ ಬಿಟ್ಟುಹೋಗುತ್ತಾರೆ. ಹಾಗಾಗಿ ವರ್ಷದ ಜೊತೆಗೆ ದೇಶವನ್ನೂ ಬರೆಯಿರಿ.